ಐದು ಬಡಿಯಬಾರದು

ಹೋದ ತಿಂಗಳು ಮ್ಯೂಸಿಯಮ್ಮಿನ ಗಡಿಯಾರದ ಕೊಠಡಿಯಲ್ಲಿ ಪಿಟೀಲು ಕಛೇರಿ ನಡೆಯುತ್ತಿದ್ದಾಗ ಅಲ್ಲಿದ್ದ ದೊಡ್ಡ ಗಡಿಯಾರ ಐದು ಬಡಿದುಬಿಟ್ಟಿತು. ಬಡಿಯುವುದು ಗಡಿಯಾರದ ಕೆಲಸ, ಅದನ್ನು ಅದು ಮಾಡಿತು. ಆದರೆ ಮಾಡಿದ ಹೊತ್ತು ಸರಿಯಿರಲಿಲ್ಲ. ಪಿಟೀಲು ನೂಲಿನಷ್ಟು ಸಣ್ಣ ದನಿಯಲ್ಲಿ ನುಡಿಯುತ್ತಿತ್ತು, ಜನ ಕಣ್ಣು ಮುಚ್ಚಿ ಕೂತಿದ್ದರು, ಟ್ರಸ್ಟಿನ ಅಧ್ಯಕ್ಷರಂತೂ ಕಣ್ಣು ಮುಚ್ಚಿ ಬಹಳ ಹೊತ್ತಾಗಿತ್ತು. ಮೊದಲ ಏಟಿಗೇ ಅವರು ಬೆಚ್ಚಿಬಿದ್ದು ಎದ್ದು ನಿಂತು, "ಬಂದೆ, ಬಂದೆ!" ಎಂದು ಕೂಗಿದರು. ಇಡೀ ಸಭೆ ನಕ್ಕಿತು. ನಗದೇ ಇದ್ದವರು ಇಬ್ಬರು. ಒಬ್ಬರು ಮ್ಯೂಸಿಯಮ್ಮಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಂ. ಇನ್ನೊಬ್ಬ ಆ ಕೊಠಡಿಯ ಕಾವಲುಗಾರ ಮೆಲ್ಲಣ್ಣ.

ಮೆಲ್ಲಣ್ಣ ಎನ್ನುವುದು ಜೊತೆಯವರು ಇಟ್ಟ ಹೆಸರು. ನೋಡಲು ಬಂದವರು ಜೋರಾಗಿ ಮಾತಾಡಿದರೆ "ಮೆಲ್ಲಗೆ" ಎನ್ನುತ್ತಿದ್ದ, ಬಾಗಿಲು ದೂಡಿದರೆ "ಮೆಲ್ಲಗೆ" ಎನ್ನುತ್ತಿದ್ದ, ಮಕ್ಕಳು ಓಡಿದರೆ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಅವರ ಹಿಂದೆ ತಾನೂ ಓಡುತ್ತಿದ್ದ. ಹೆದರಿಕೆಯ ವಿಷಯದಲ್ಲಿ ಅವನು ಭೇದಭಾವ ಮಾಡಿದವನಲ್ಲ. ಮೇಲಧಿಕಾರಿ, ನಾಯಿ, ಲಿಫ್ಟು, ಫೋನಿನ ಗಂಟೆ, ಎಲ್ಲಕ್ಕೂ ಸಮನಾಗಿ ಹೆದರುತ್ತಿದ್ದ.

ಕಛೇರಿ ಮುಗಿದ ಮೇಲೆ ಮೇಡಂ ಅವನನ್ನು ಕರೆಸಿದರು. ಮೇಡಂ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಸಿಟ್ಟು ಹೆಚ್ಚಾದಷ್ಟೂ ಅವರ ದನಿ ಇಳಿಯುತ್ತಿತ್ತು. ಅಂದು ಅವರ ಮಾತು ಕೇಳಿಸಿಕೊಳ್ಳಲು ಮೆಲ್ಲಣ್ಣ ಮೇಜಿನ ಮೇಲೆ ಬಗ್ಗಬೇಕಾಯಿತು.

"ಇನ್ನೊಂದು ಸಲ ಕಛೇರಿ ನಡೀವಾಗ ನಿಮ್ಮ ಕೊಠಡಿಯಿಂದ ಒಂದೇ ಒಂದು ಸದ್ದು ಬರಲಿ, ನೋಡಿ. ಮಾರನೇ ದಿನ ಮನೆ ಖಾಲಿ ಮಾಡಿಸ್ತೀನಿ."

ಮನೆ ಎಂದರೆ ಮ್ಯೂಸಿಯಮ್ಮಿನ ಹಿಂದಿದ್ದ ಕ್ವಾರ್ಟರ್ಸು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತಿತ್ತು. ಕ್ವಾರ್ಟರ್ಸ್ ಹೋದರೆ ಅತ್ತೆಯ ಮನೆಯೇ ಗತಿ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಅಲ್ಲೇ ಇದ್ದರು. ಅತ್ತೆ ಕೆಟ್ಟವರಲ್ಲ. ಆದರೆ ಅಳಿಯ ಹೇಗೆ ಕೂರುತ್ತಾನೆ, ಹೇಗೆ ಅಗಿಯುತ್ತಾನೆ, ಸ್ನಾನಕ್ಕೆ ಎಷ್ಟು ನೀರು ಸುರಿಯುತ್ತಾನೆ, ಎಲ್ಲವನ್ನೂ ನೋಡುವವರು, ನೋಡಿದ್ದನ್ನೆಲ್ಲ ಹೇಳುವವರು. ಮೆಲ್ಲಗೆ ನಡೆಯುವುದನ್ನು ಮೆಲ್ಲಣ್ಣ ಕಲಿತದ್ದೇ ಆ ಮನೆಯ ಹಜಾರದಲ್ಲಿ. ಮ್ಯೂಸಿಯಮ್ಮಿನಲ್ಲಿ ಕೆಲಸ ಸಿಕ್ಕಿ ಕ್ವಾರ್ಟರ್ಸಿಗೆ ಬಂದ ದಿನ ಅವನು ಬಾಗಿಲು ಹಾಕಿಕೊಂಡು ಮನಸಾರೆ ಜೋರಾಗಿ ಸೀನಿದ್ದ. ಅಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಈಗ ಆ ಸುಖ ಒಂದು ಗಡಿಯಾರದ ಕೈಯಲ್ಲಿತ್ತು.

ಇಂದು ಮತ್ತೆ ಕಛೇರಿ. ಅದೇ ಕೊಠಡಿ, ಅದೇ ಪಿಟೀಲಿನಾಕೆ. ಕೆಲಸದವರು ಆಕೆಯನ್ನು ಪಿಟೀಲಜ್ಜಿ ಎನ್ನುತ್ತಿದ್ದರು. ದೊಡ್ಡ ಹೆಸರಿನ ಅಜ್ಜಿ. ಬೆರಳು ಇನ್ನು ಮಾತು ಕೇಳುತ್ತಿಲ್ಲ, ಇದೇ ನನ್ನ ಕೊನೆಯ ಕಛೇರಿ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದರು. ಆ ಸುದ್ದಿ ಓದಿದಾಗಿನಿಂದ ಮೆಲ್ಲಣ್ಣನಿಗೆ ಊಟ ಸೇರುತ್ತಿರಲಿಲ್ಲ. ಅಂಥವರ ಕೊನೆಯ ಕಛೇರಿಯನ್ನು ಕೆಡಿಸಿದವನನ್ನು ಮೇಡಂ ಎಷ್ಟು ಸಣ್ಣ ದನಿಯಲ್ಲಿ ಬೈಯಬಹುದು ಎಂದು ಯೋಚಿಸಿದರೆ ಕೈಕಾಲು ತಣ್ಣಗಾಗುತ್ತಿತ್ತು.

ಬೆಳಿಗ್ಗೆ ಬಾಗಿಲು ತೆಗೆದವನೇ ಮೊದಲು ದೊಡ್ಡ ಗಡಿಯಾರದ ಹತ್ತಿರ ಹೋದ. ಕೊಠಡಿಯ ಉಳಿದ ಗಡಿಯಾರಗಳೆಲ್ಲ ಎಂದೋ ಪ್ರಾಣ ಬಿಟ್ಟಿದ್ದವು, ನಡೆಯುತ್ತಿದ್ದದ್ದು ಇದೊಂದೇ. ಬಟ್ಟೆಯ ಬೀರುವಿನಷ್ಟು ಅಗಲ, ಅದಕ್ಕಿಂತ ಎತ್ತರ. ಕೀಲಿ ಕೊಡುವವನು ಒಳಗೆ ಹೋಗಲೆಂದು ಪಕ್ಕದಲ್ಲಿ ಒಂದು ಕಿರುಬಾಗಿಲು. ಮೆಲ್ಲಣ್ಣ ಅದನ್ನು ತೆರೆದು ತೂಗಾಡುತ್ತಿದ್ದ ಲೋಲಕವನ್ನು ಎರಡೂ ಕೈಯಲ್ಲಿ ಹಿಡಿದು, "ಇವತ್ತೊಂದಿನ ಮಲಗಪ್ಪಾ" ಎಂದು ನಿಲ್ಲಿಸಿದ. ಟಿಕ್ ಟಿಕ್ ನಿಂತಿತು. ಕಿವಿಯಿಟ್ಟು ಕೇಳಿ, ಸಮಾಧಾನವಾಗಿ ಚಹಾಕ್ಕೆ ಹೋದ.

ಚಹಾದ ಕೋಣೆಯಲ್ಲಿ ಚಿಲ್ಲರೆ ಕೂತಿದ್ದ. ನಾಣ್ಯಗಳ ಕೊಠಡಿಯ ಕಾವಲುಗಾರನಾದ್ದರಿಂದ ಅವನಿಗೆ ಆ ಹೆಸರು. ಅವನ ಕೊಠಡಿಗೆ ಜನ ಬರುವುದು ಕಡಿಮೆ. ಹೀಗಾಗಿ ಇಡೀ ದಿನ ಕತೆ ಹೊಸೆಯಲು ಬಿಡುವಿತ್ತು.

"ಏನಣ್ಣಾ, ಮುಖ ಯಾಕೆ ಹಿಂಗಿದೆ?" ಎಂದ ಚಿಲ್ಲರೆ.

"ಕಛೇರಿ ಇದೆಯಲ್ಲ. ಗಡಿಯಾರ ನಿಲ್ಲಿಸಿ ಬಂದೆ."

"ನಿಲ್ಲಿಸಿದ್ಯಾ?" ಚಿಲ್ಲರೆ ಬಟ್ಟಲನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ನಿಂತ್ರೆ ಸರಿ. ನಿಲ್ಲಬೇಕಲ್ಲ?"

"ನಿಲ್ಲದೆ ಏನು? ನಾನೇ ಕೈಯಾರೆ ಹಿಡಿದು ನಿಲ್ಲಿಸಿದೀನಿ."

"ನಿಂಗೆ ಅದರ ಯಜಮಾನನ ವಿಷಯ ಗೊತ್ತಿಲ್ಲ ಅಂತ ಕಾಣುತ್ತೆ. ಭಾರೀ ಸಿರಿವಂತ, ಪಿಟೀಲಿನ ಹುಚ್ಚು. ಒಂದಿನ ಈ ಗಡಿಯಾರದ ಪಕ್ಕ ಕೂತು ಪಿಟೀಲು ಕೇಳ್ತಾ ಇದ್ನಂತೆ. ಅದು ಐದು ಬಡೀತು. ಇವನು ಕೂತಲ್ಲೇ ಹೋದ. ಆಮೇಲಿಂದ ಪಿಟೀಲು ಆ ಕೊಠಡಿಗೆ ಬರುತ್ತೆ ಅಂದ್ರೆ ಸಾಕು, ಅವನೂ ಬರ್ತಾನೆ. ಯಾರು ನಿಲ್ಲಿಸಿದ್ರೂ ಗಡಿಯಾರ ನಡೆಯುತ್ತೆ."

"ಸುಮ್ನಿರಯ್ಯಾ."

"ನಾನೇನು, ಸುಮ್ನಿರ್ತೀನಿ. ಅವನು ಸುಮ್ನಿರಬೇಕಲ್ಲ."

ಮೆಲ್ಲಣ್ಣ ನಗಲು ನೋಡಿದ. ಚಹಾವನ್ನು ಅರ್ಧಕ್ಕೇ ಬಿಟ್ಟು ಕೊಠಡಿಗೆ ಬಂದ. ಬಾಗಿಲಲ್ಲೇ ಕೇಳಿಸಿತು, ಟಿಕ್, ಟಿಕ್, ಟಿಕ್.

ಮೊದಲು ತನ್ನ ಎದೆಯೇ ಹೊಡೆದುಕೊಳ್ಳುತ್ತಿದೆ ಎಂದುಕೊಂಡ. ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಲೋಲಕ ಆರಾಮವಾಗಿ ತೂಗುತ್ತಿತ್ತು. ಸಾಲದೆಂದು ಮುಳ್ಳುಗಳು ಸರಿಯಾದ ಸಮಯವನ್ನೂ ತೋರಿಸುತ್ತಿದ್ದವು. ತಾನಾಗಿಯೇ ಹೊರಟ ಗಡಿಯಾರ ಕಳೆದುಹೋದ ಹೊತ್ತನ್ನೂ ಸರಿಮಾಡಿಕೊಂಡಿದೆ ಎಂದರೆ ಅದು ಮನುಷ್ಯರ ಕೆಲಸವಂತೂ ಅಲ್ಲ. ಮೆಲ್ಲಣ್ಣನ ಮೈಯೆಲ್ಲ ಮುಳ್ಳೆದ್ದಿತು.

ಓಡಿಹೋಗಿ ಚಿಲ್ಲರೆಯ ತೋಳು ಹಿಡಿದ. "ನೀನೇ ತಾನೇ? ನಿಜ ಹೇಳು. ತಮಾಷೆ ಮಾಡೋಕೆ ನೀನೇ ಹೋಗಿ ನಡೆಸಿದ್ದಲ್ವಾ?"

"ನಾನೆಲ್ಲಿ ಹೋದೆ? ನಿನ್ ಎದುರಿಗೇ ಕೂತಿದ್ನಲ್ಲಾ!"

ಅದು ನಿಜ. ಚಿಲ್ಲರೆ ಜಾಗ ಬಿಟ್ಟು ಕದಲಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಲ್ಲರೆಯ ಮುಖದ ಬಣ್ಣ ಇಳಿಯತೊಡಗಿತು.

"ಗಡಿಯಾರ... ನಿಜವಾಗ್ಲೂ ನಡೀತಿದೆಯಾ?"

"ಹೂಂ. ಅವನ ಕತೆ ಹೇಳಿದ್ದು ನೀನೇ ಅಲ್ವಾ?"

"ಅಯ್ಯೋ ಮಾರಾಯ, ಅದು ನಾನು ಆಗ ಅಲ್ಲೇ ಕಟ್ಟಿದ ಕತೆ!" ಎಂದ ಚಿಲ್ಲರೆ. ಆಮೇಲೆ ದನಿ ತಗ್ಗಿಸಿ, "ನಾನು ಕಟ್ಟಿದ್ದು ನಿಜ ಆಗೋಕೆ ಶುರುವಾದ್ರೆ ನನ್ ಗತಿ ಏನು? ನಾಣ್ಯದ ಕೊಠಡಿ ಬಗ್ಗೆ ಎಷ್ಟು ಕತೆ ಹೇಳಿದೀನಿ ಗೊತ್ತಾ?" ಎಂದು ಅಲ್ಲಿಂದ ಕಾಲ್ಕಿತ್ತ. ಆ ದಿನವೆಲ್ಲ ಅವನು ತನ್ನ ಕೊಠಡಿಯೊಳಗೆ ಕೂರದೆ ಹೊಸಿಲ ಮೇಲೇ ನಿಂತಿದ್ದ.

ಮೇಡಮ್ಮಿಗೆ ಹೇಳೋಣವೇ ಎಂದು ಮೆಲ್ಲಣ್ಣ ಯೋಚಿಸಿದ. ಏನೆಂದು ಹೇಳುವುದು? ಗಡಿಯಾರ ನಿಲ್ಲಿಸಿದೆ ಮೇಡಂ, ಸತ್ತವನೊಬ್ಬ ಬಂದು ನಡೆಸಿದ ಎನ್ನುವುದೇ? ಹಾಗೆಂದರೆ ಮನೆ ಖಾಲಿ ಮಾಡಲು ಸಂಜೆಯವರೆಗೂ ಕಾಯುವುದು ಬೇಕಿಲ್ಲ. ಕಣ್ಣು ಮುಚ್ಚಿಕೊಂಡು ಕಿರುಬಾಗಿಲಲ್ಲಿ ಕೈ ಹಾಕಿ ಲೋಲಕವನ್ನು ಇನ್ನೊಮ್ಮೆ ನಿಲ್ಲಿಸಿದ. ಬಾಗಿಲಿಗೆ "ಮುಟ್ಟಬಾರದು" ಎಂಬ ಫಲಕವನ್ನು ತಗುಲಿಸಿದ. ದೆವ್ವ ಓದು ಬಲ್ಲ ಮನೆತನದ್ದು ಎಂಬ ಒಂದು ಧೈರ್ಯ.

ಮಧ್ಯಾಹ್ನ ಕುರ್ಚಿಗಳು ಬಂದವು. ಕುರ್ಚಿಗಳ ಹಿಂದೆಯೇ ಅತ್ತೆಯೂ ಬಂದರು. ಮಗಳು ಪಾಸು ಕಳಿಸಿದ್ದಳು. ಕಛೇರಿ ನಾಲ್ಕಕ್ಕೆ ಎಂದರೆ ಎರಡಕ್ಕೇ ಬಂದು ಜಾಗ ಹಿಡಿಯುವ ಪೈಕಿ ಅವರು. ಇಡೀ ಕೊಠಡಿಯನ್ನು ಒಂದು ಸುತ್ತು ನೋಡಿ, ಮುಂದಿನ ಸಾಲಿನ ಕೊನೆಗೆ, ದೊಡ್ಡ ಗಡಿಯಾರಕ್ಕೆ ಅಂಟಿಕೊಂಡಂತಿದ್ದ ಕುರ್ಚಿಯಲ್ಲಿ ಕೂತರು.

"ಅತ್ತೆ, ಅಲ್ಲಿ ಬೇಡ, ಗಾಳಿ ಬರಲ್ಲ. ಹಿಂದೆ ಚೆನ್ನಾಗಿದೆ" ಎಂದ ಮೆಲ್ಲಣ್ಣ.

"ಇರಲಿ ಬಿಡಿ ಅಳಿಯಂದ್ರೇ. ಇಲ್ಲಿಂದ ನೀವು ಕೆಲಸ ಮಾಡೋದು ಕಾಣುತ್ತೆ" ಎಂದರು ಅತ್ತೆ. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇದೇನು, ಇಷ್ಟು ಇಳಿದುಹೋಗಿದೀರಿ? ನಮ್ಮನೇಲಿದ್ದಾಗ ಮೈಕೈ ತುಂಬ್ಕೊಂಡಿದ್ರಿ. ಅವಳಿಗೆ ಅಡಿಗೆ ಕಡೆ ಗಮನ ಇಲ್ಲ. ಒಂದಷ್ಟು ದಿನ ಬಂದು ಇದ್ದು ಹೋಗಿ" ಎಂದರು.

ಮೆಲ್ಲಣ್ಣ ಹಲ್ಲು ಬಿಟ್ಟ. ಬೆನ್ನಲ್ಲಿ ಬೆವರು ಹರಿಯಿತು.

ಅಷ್ಟರಲ್ಲಿ ಪಿಟೀಲಜ್ಜಿ ಕೊಠಡಿ ನೋಡಲು ಬಂದರು. ಸಣ್ಣ ಆಳು, ಬೆಳ್ಳನೆ ಕೂದಲು, ಪಿಟೀಲಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡಿದ್ದರು. ವೇದಿಕೆಯನ್ನೂ ನೋಡದೆ ನೇರವಾಗಿ ಗಡಿಯಾರದ ಹತ್ತಿರ ಬಂದು ಅದರ ಮೈ ಸವರಿದರು.

"ಏನಪ್ಪಾ, ಹೇಗಿದ್ದಾನೆ ಇವನು?"

ಹೋದ ತಿಂಗಳ ಸಿಟ್ಟು ಇನ್ನೂ ಆರಿಲ್ಲ ಎಂದುಕೊಂಡ ಮೆಲ್ಲಣ್ಣ ಕೈ ಮುಗಿದ. "ನೀವು ಏನೂ ಯೋಚನೆ ಮಾಡ್ಬೇಡಿ ಅಮ್ಮಾ. ನಿಂತುಹೋಗಿದ್ದಾನೆ. ಇನ್ನು ಮೇಲೇಳಲ್ಲ."

ಅಜ್ಜಿಯ ಮುಖ ಬಾಡಿಹೋಯಿತು. ಅವನನ್ನೂ ಗಡಿಯಾರವನ್ನೂ ಮತ್ತೆ ಮತ್ತೆ ನೋಡಿ, ಮೇಡಮ್ಮಿನ ಕೋಣೆಯ ಕಡೆ ನಡೆದುಬಿಟ್ಟರು. ವಯಸ್ಸಾದವರು, ಕೊನೆಯ ಕಛೇರಿಯೆಂದು ಮನಸ್ಸು ಭಾರವಾಗಿರಬೇಕು ಎಂದು ಮೆಲ್ಲಣ್ಣ ಮರುಗಿದ.

ಮರುಗಿ ಮುಗಿಯುವುದರೊಳಗೆ ಮೇಡಂ ಬಂದರು. ಎಂದೂ ಅವಸರ ಮಾಡದ ಮೇಡಂ ಇಂದು ಬಹುತೇಕ ಓಡಿಕೊಂಡೇ ಬಂದರು. ಅವರ ಹಣೆಯ ಮೇಲೆ ಬೆವರಿತ್ತು. ಅದನ್ನು ನೋಡಿ ಮೆಲ್ಲಣ್ಣನಿಗೂ ಬೆವರಿತು.

"ನೀವು ಗೇಟಿಗೆ ಹೋಗಿ" ಎಂದರು ಮೇಡಂ, ತೀರ ಸಣ್ಣ ದನಿಯಲ್ಲಿ. "ಅಧ್ಯಕ್ಷರು ಬರೋವರೆಗೂ ಅಲ್ಲೇ ನಿಂತಿರಿ. ಅವರನ್ನ ಕರ್ಕೊಂಡೇ ಒಳಗೆ ಬನ್ನಿ."

"ಮೇಡಂ, ನಾನು ಇಲ್ಲೇ ಇದ್ದಿದ್ರೆ..."

"ಹೋಗಿ ಅಂದೆ."

ಗೇಟಿನಲ್ಲಿ ನಿಂತ ಮೆಲ್ಲಣ್ಣನಿಗೆ ನಿಂತ ನೆಲ ಕಾದ ಹಂಚಿನಂತಿತ್ತು. ನಾಲ್ಕಾಯಿತು. ಅಧ್ಯಕ್ಷರು ಬರಲಿಲ್ಲ. ಒಳಗಿನಿಂದ ಯಾರೋ ಮಾತಾಡಿದ ದನಿ, ಆಮೇಲೆ ಚಪ್ಪಾಳೆ, ಆಮೇಲೆ ಪಿಟೀಲು ಕೇಳಿಸಿತು. ಅಧ್ಯಕ್ಷರು ಎಂದಿನಂತೆ ನಿದ್ದೆಗೆ ಸರಿಯಾದ ಹೊತ್ತಿಗೆ ಬಂದರು. ಅವರನ್ನು ಮುಂದಿನ ಸಾಲಿಗೆ ತಲುಪಿಸಿ, ಹಿಂದಿನ ಬಾಗಿಲಿಗೆ ಬಂದು, ಉಸಿರು ಬಿಟ್ಟು, ಮೆಲ್ಲಣ್ಣ ತಲೆಯೆತ್ತಿದ.

ಲೋಲಕ ತೂಗುತ್ತಿತ್ತು.

ಮುಂದಿನ ಪುಟ್ಟ ಗಾಜಿನ ಕಿಂಡಿಯ ಹಿಂದೆ ಅತ್ತ ಇತ್ತ, ಅತ್ತ ಇತ್ತ. "ಮುಟ್ಟಬಾರದು" ಎಂಬ ಫಲಕವನ್ನು ಯಾರೋ ಅಚ್ಚುಕಟ್ಟಾಗಿ ಕಳಚಿ ಗಡಿಯಾರದ ಕಾಲ ಬಳಿ ಒರಗಿಸಿದ್ದರು. ದೊಡ್ಡ ಮುಳ್ಳು ಹನ್ನೆರಡರ ಕಡೆಗೆ ಏರುತ್ತಿತ್ತು. ಐದಕ್ಕೆ ಇನ್ನು ಹೆಚ್ಚು ಹೊತ್ತು ಉಳಿದಿರಲಿಲ್ಲ. ಪಕ್ಕದ ಬಾಗಿಲಲ್ಲಿ ಇಣುಕಿದ ಚಿಲ್ಲರೆಯೂ ಅದನ್ನು ನೋಡಿದ. ಅವನ ಬಾಯಿ ತೆರೆದುಕೊಂಡಿತು, ಆಮೇಲೆ ಬಾಗಿಲು ಮುಚ್ಚಿಕೊಂಡಿತು.

ಅಜ್ಜಿ ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಕಮಾನು ತಂತಿಯ ಮೇಲೆ ಸರಿಯುತ್ತಿತ್ತೋ ಇಲ್ಲವೋ ಎನ್ನುವಷ್ಟು ನಿಧಾನ. ಜನರ ಉಸಿರೂ ಕೇಳಿಸುತ್ತಿರಲಿಲ್ಲ. ಈ ಮೌನದ ನಡುವೆ ಐದು ಏಟು ಬಿದ್ದರೆ? ಮೆಲ್ಲಣ್ಣನ ಕಣ್ಣ ಮುಂದೆ ಕ್ವಾರ್ಟರ್ಸಿನ ಸಾಮಾನು ಗಾಡಿಗೆ ಏರಿತು, ಗಾಡಿ ಅತ್ತೆಯ ಬೀದಿಗೆ ತಿರುಗಿತು, ಅತ್ತೆ ಬಾಗಿಲಲ್ಲಿ ನಿಂತು "ಮೈಕೈ ತುಂಬ್ಕೊಳ್ಳಿ" ಎಂದರು. ದೆವ್ವವೇ ವಾಸಿ ಎನ್ನಿಸಿತು.

ಬೂಟುಗಳು ಕಿರುಗುಟ್ಟುವ ಜಾತಿಯವು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಗೋಡೆಗೆ ಬೆನ್ನು ಹಚ್ಚಿ, ಹಲ್ಲಿಯ ಹಾಗೆ ಒಂದೊಂದೇ ಹೆಜ್ಜೆ ಸರಿದ. ಮೇಣ ಹಚ್ಚಿ ಒರೆಸಿದ ನೆಲ, ಕಾಲುಚೀಲದ ಕಾಲು. ಒಮ್ಮೆ ಜಾರಿ, ಗಾಜಿನ ಕಪಾಟೊಂದನ್ನು ತಬ್ಬಿ ನಿಂತ. ಕಪಾಟು ಅಲುಗಲಿಲ್ಲ. ಒಬ್ಬ ಹೆಂಗಸು ಅವನನ್ನು ನೋಡಿ ಮುಗುಳ್ನಕ್ಕು ಗಂಡನನ್ನು ತಿವಿದಳು. ಗಂಡನೂ ನೋಡಿ, ಎಲ್ಲ ತಿಳಿದವನಂತೆ ತಲೆಯಾಡಿಸಿದ. ಇವರಿಗೇನು ನಗು ಎಂದು ಮೆಲ್ಲಣ್ಣನಿಗೆ ಸಿಟ್ಟು ಬಂತು.

ಗಡಿಯಾರ ಕೈಗೆ ಸಿಗುವಷ್ಟು ಹತ್ತಿರವಾದಾಗ ಅವನ ಅಂಗಿಯ ತೋಳನ್ನು ಯಾರೋ ಹಿಡಿದು ಜಗ್ಗಿದರು. ಕೂಗು ಬಾಯಿಯವರೆಗೂ ಬಂದಿತ್ತು, ನುಂಗಿಕೊಂಡ. ಅತ್ತೆ.

"ಅಳಿಯಂದ್ರೇ, ಕಾಲುಚೀಲ ತೂತಾಗಿದೆ" ಎಂದರು ಅತ್ತೆ. ಅವರ ಪಿಸುಮಾತು ಮೂರನೇ ಸಾಲಿನವರೆಗೂ ಹೋಗುವಂಥದ್ದು.

"ಆಮೇಲೆ ಅತ್ತೆ, ಆಮೇಲೆ."

"ಹೆಬ್ಬೆರಳು ಪೂರ್ತಿ ಆಚೆ ಬಂದಿದೆ. ಅವಳಿಗೆ ಒಂದು ಹೊಲಿಗೆ ಹಾಕೋಕೂ ಆಗಲ್ವಾ?"

"ನಾನೇ ಹೇಳಿದ್ದು, ಗಾಳಿ ಬರ್ಲಿ ಅಂತ. ಬಿಡಿ ಅತ್ತೆ."

"ಐದಕ್ಕೆ ಇನ್ನೂ ಟೈಮಿದೆಯಲ್ಲಾ, ಯಾಕೆ ಇಷ್ಟು ಗಾಬರಿ?" ಎಂದು ಅತ್ತೆ ನಕ್ಕು, ಪಕ್ಕದಲ್ಲಿದ್ದವರಿಗೆ, "ನಮ್ಮ ಅಳಿಯಂದ್ರು. ಗಡಿಯಾರ ಇವರದೇ ಜವಾಬ್ದಾರಿ" ಎಂದು ಪರಿಚಯ ಮಾಡಿಸಿದರು. ಮೆಲ್ಲಣ್ಣ ತೋಳನ್ನು ಬಿಡಿಸಿಕೊಂಡು, ಬೂಟುಗಳನ್ನು ಅವರ ಮಡಿಲಲ್ಲಿಟ್ಟು, ಗಡಿಯಾರದ ಪಕ್ಕಕ್ಕೆ ನುಸುಳಿದ.

ಒಳಗಿನಿಂದ "ಕಟಕ್" ಎಂಬ ಶಬ್ದ ಬಂತು. ಬಡಿಯುವ ಮುಂಚೆ ಗಡಿಯಾರ ಗಂಟಲು ಸರಿಮಾಡಿಕೊಳ್ಳುವ ಶಬ್ದ ಅದು. ಮೆಲ್ಲಣ್ಣ ಕಿರುಬಾಗಿಲು ತೆರೆದು ಒಳಹೊಕ್ಕು, ಬಾಗಿಲು ಎಳೆದುಕೊಂಡ.

ಒಳಗೆ ಕತ್ತಲೆ, ಎಣ್ಣೆಯ ವಾಸನೆ. ಸರಪಳಿಗೆ ನೇತುಬಿದ್ದ ತೂಕದ ಗುಂಡೊಂದು ಅವನ ಕಿವಿಗೆ ತಣ್ಣಗೆ ತಾಗಿತು. ಸತ್ತ ಸಿರಿವಂತ ಕಿವಿ ಹಿಡಿದನೆಂದೇ ಅವನಿಗೆ ಅನ್ನಿಸಿತು. "ಸ್ವಾಮೀ, ತಾವು ಪಿಟೀಲು ಕೇಳಿ, ಬೇಡ ಅನ್ನಲ್ಲ. ಬಡಿಯೋದು ಮಾತ್ರ ಬೇಡ. ಮನೆ ಹೋಗುತ್ತೆ" ಎಂದು ಉಸಿರಿನಲ್ಲೇ ಬೇಡಿಕೊಂಡು ಲೋಲಕವನ್ನು ತಡಕಿ ಹಿಡಿದ. ಲೋಲಕ ನಿಂತಿತು. ಆದರೆ ಬಡಿಯುವ ಚಕ್ರಗಳೇ ಬೇರೆ, ಅವು ಆಗಲೇ ಹೊರಟಾಗಿತ್ತು. ತಲೆಯ ಮೇಲೆ ಕಿರ್ರೆಂದು ಸುತ್ತಿಗೆ ಹಿಂದಕ್ಕೆ ಎದ್ದಿತು.

ಬೇರೆ ದಾರಿಯಿರಲಿಲ್ಲ. ಮೆಲ್ಲಣ್ಣ ತುದಿಗಾಲಲ್ಲಿ ನಿಂತು ಸುತ್ತಿಗೆಗೂ ಗಂಟೆಗೂ ನಡುವೆ ತನ್ನ ಅಂಗೈ ಇಟ್ಟ.

ಮೊದಲ ಏಟಿಗೆ ಕಣ್ಣಲ್ಲಿ ನೀರು ಚಿಮ್ಮಿತು. ಎರಡನೆಯದಕ್ಕೆ ಶಾಲೆಯ ಮೇಷ್ಟ್ರು ನೆನಪಾದರು. ಮೂರನೆಯದಕ್ಕೆ ಅಂಗಿಯ ಕಾಲರನ್ನು ಬಾಯಿಗೆ ತುರುಕಿಕೊಂಡ. ನಾಲ್ಕನೆಯದರ ಹೊತ್ತಿಗೆ ಇನ್ನೊಂದು ಕೈಯಿಂದ ಸುತ್ತಿಗೆಯ ಕಂಬಿಗೇ ಜೋತುಬಿದ್ದ. ಐದನೆಯದು ಪೂರ್ತಿ ಬೀಳಲಿಲ್ಲ. ಕಂಬಿ ಬಾಗಿ ಒಂದು ಕಡೆಗೆ ತಿರುಗಿಕೊಂಡು ಸುಮ್ಮನಾಯಿತು.

ಹೊರಗೆ ಪಿಟೀಲು ಮೇಲೆ ಮೇಲೆ ಏರಿ, ಒಂದು ಎತ್ತರದ ಸ್ವರದಲ್ಲಿ ನಿಂತಿತ್ತು. ಒಂದೇ ಒಂದು ಅಡ್ಡ ಸದ್ದಿಲ್ಲ. ಕೈ ಉರಿಯುತ್ತಿದ್ದರೂ ಮೆಲ್ಲಣ್ಣನ ಎದೆ ತುಂಬಿ ಬಂತು. ಕೆಲಸ ಉಳಿಯಿತು, ಮನೆ ಉಳಿಯಿತು. ಬಾಳಿನಲ್ಲಿ ಮೊದಲ ಬಾರಿಗೆ ತಾನು ಹೆದರಿಯೂ ಗೆದ್ದೆ ಎನ್ನಿಸಿತು. ಇನ್ನು ಚಪ್ಪಾಳೆ ಬಿದ್ದರೆ ಆ ಗದ್ದಲದಲ್ಲಿ ಹೊರಗೆ ಜಾರಿಕೊಂಡರಾಯಿತು.

ಚಪ್ಪಾಳೆ ಬೀಳಲಿಲ್ಲ. ಪಿಟೀಲೂ ಮುಂದುವರಿಯಲಿಲ್ಲ. ಮರದ ಸಂದಿಯಲ್ಲಿ ಕಣ್ಣಿಟ್ಟು ನೋಡಿದ. ಅಜ್ಜಿ ಕಮಾನನ್ನು ಗಾಳಿಯಲ್ಲಿ ಎತ್ತಿ ಹಿಡಿದು ಗಡಿಯಾರವನ್ನೇ ನೋಡುತ್ತಿದ್ದರು. ಮೇಡಂ ಗಡಿಯಾರವನ್ನೇ ನೋಡುತ್ತಿದ್ದರು. ಸಭೆಯಲ್ಲಿದ್ದ ಅಷ್ಟೂ ಜನ ಗಡಿಯಾರವನ್ನೇ ನೋಡುತ್ತಿದ್ದರು. ಅಧ್ಯಕ್ಷರು ಕೂಡ ಎಚ್ಚರವಾಗಿದ್ದರು. ಎಲ್ಲರಿಗೂ ಗೊತ್ತಾಗಿಹೋಗಿದೆ ಎಂದು ಮೆಲ್ಲಣ್ಣನ ಜೀವ ಬಾಯಿಗೆ ಬಂತು. ಅಲುಗದೆ, ಉಸಿರಾಡದೆ, ಗಡಿಯಾರದ ಒಂದು ಭಾಗವೇ ಆಗಿ ನಿಂತ.

ಹೆಜ್ಜೆಯ ಸದ್ದು ಹತ್ತಿರವಾಯಿತು. ಕಿರುಬಾಗಿಲು ತೆರೆಯಿತು. ಅಜ್ಜಿ ನಿಂತಿದ್ದರು. ಕಾಲರು ಕಚ್ಚಿಕೊಂಡು, ಸುತ್ತಿಗೆಗೆ ಜೋತುಬಿದ್ದು, ಕಣ್ಣೀರು ಸುರಿಸುತ್ತಿದ್ದ ಕಾವಲುಗಾರನನ್ನು ಅವರು ಸ್ವಲ್ಪ ಹೊತ್ತು ನೋಡಿದರು.

"ಯಾಕಪ್ಪಾ, ನಿಂಗೂ ನಂಗೂ ಏನಾದ್ರೂ ಹಳೇ ಜಗಳ ಇದೆಯಾ?"

ಮೆಲ್ಲಣ್ಣ ಕಾಲರನ್ನು ಬಾಯಿಂದ ತೆಗೆದ. "ಇಲ್ಲ ಅಮ್ಮಾ. ಸದ್ದಾಗಬಾರದು ಅಂತ... ಒಂದೂ ಬಡಿಯೋಕೆ ಬಿಡ್ಲಿಲ್ಲ ಅಮ್ಮಾ. ಎಲ್ಲಾ ಕೈಯಲ್ಲೇ ಹಿಡ್ಕೊಂಡೆ."

"ಬಡೀಬೇಕಿತ್ತಲ್ಲೋ!" ಎಂದರು ಅಜ್ಜಿ, ಅಳುವ ದನಿಯಲ್ಲಿ. "ಹೋದ ತಿಂಗಳು ನಿನ್ನ ಗಡಿಯಾರ ನನ್ನ ಪಿಟೀಲಿನ ನಡುವೆ ಬಡೀತಲ್ಲ, ಅಷ್ಟು ಸರಿಯಾದ ಸ್ವರ, ಅಷ್ಟು ಸರಿಯಾದ ಹೊತ್ತು ನಾನು ಕೇಳೇ ಇರ್ಲಿಲ್ಲ. ಮನೆಗೆ ಹೋದವಳು ನಿದ್ದೆ ಮಾಡದೆ ಈ ಕೃತಿ ಕಟ್ಟಿದೆ. ಇದರ ಕೊನೇಲಿ ನಾನು ನಿಲ್ಲಿಸಬೇಕು, ಇವನು ಐದು ಬಡೀಬೇಕು, ಅಲ್ಲಿಗೆ ಮುಗೀಬೇಕು. ನನ್ನ ಕೊನೇ ಕಛೇರಿ ಅವನ ಕೈಯಲ್ಲಿ ಮುಗೀಬೇಕಿತ್ತು."

ಮೇಡಂ ಬಂದು ನಿಂತರು. ಅವರ ದನಿ ಎಷ್ಟು ಇಳಿದಿತ್ತೆಂದರೆ ಮೆಲ್ಲಣ್ಣ ಗಡಿಯಾರದಿಂದ ತಲೆ ಹೊರಗೆ ಚಾಚಬೇಕಾಯಿತು.

"ಬೆಳಿಗ್ಗೆ ನಿಂತಿತ್ತು, ನಾನೇ ಬಂದು ಟೈಮು ಸರಿಮಾಡಿ ನಡೆಸಿದೆ. ಮಧ್ಯಾಹ್ನ ಮತ್ತೆ ನಿಂತಿತ್ತು, ಮತ್ತೆ ನಡೆಸಿದೆ. ತಾನಾಗೇ ನಿಲ್ತಾ ಇದೆ, ಇದರಲ್ಲೇನೋ ಇದೆ ಅಂತ ಇಡೀ ದಿನ ನನ್ನ ಜೀವ ಕೈಯಲ್ಲಿ ಹಿಡ್ಕೊಂಡು ಓಡಾಡಿದೆ. ನಿಲ್ಲಿಸ್ತಾ ಇದ್ದಿದ್ದು ನೀವಾ?"

"ನೀವು ಹೇಳಿದ್ರೆ ನಾನ್ಯಾಕೆ ಮೇಡಂ..."

"ನಿಮಗೆ ಹೇಳಿದ್ರೆ ಚಿಲ್ಲರೆಗೆ ಹೇಳ್ತೀರಿ. ಚಿಲ್ಲರೆಗೆ ಗೊತ್ತಾದ್ರೆ ಮುಗೀತು, ಜನಕ್ಕೆ ಅಚ್ಚರಿ ಎಲ್ಲಿಂದ ಬರುತ್ತೆ? ಕಛೇರಿ ಶುರು ಮಾಡುವಾಗ ಅಜ್ಜಿ ಎಲ್ಲರಿಗೂ ಬಿಡಿಸಿ ಹೇಳಿದ್ರು. ಆಗ ಎಲ್ಲಿ ಹೋಗಿದ್ರಿ?"

"ಗೇಟಲ್ಲಿದ್ದೆ ಮೇಡಂ. ನೀವೇ ಕಳಿಸಿದ್ದು."

ಅಷ್ಟರಲ್ಲಿ ಅಜ್ಜಿ ಒಳಗೆ ಇಣುಕಿ ಬಾಗಿದ ಸುತ್ತಿಗೆಯನ್ನು ನೋಡಿದರು. ಅದನ್ನು ಮೆಲ್ಲಗೆ ಎತ್ತಿ ಬಿಟ್ಟರು. ಅದು ಗಂಟೆಗೆ ತಾಗದೆ ಗಾಳಿಯಲ್ಲಿ ತೂಗಿತು.

"ಇದು ಇನ್ನು ತಾನಾಗಿ ಬಡಿಯಲ್ಲ" ಎಂದರು. ಆಮೇಲೆ ಮೆಲ್ಲಣ್ಣನ ಊದಿದ ಕೈಯನ್ನು ಹಿಡಿದು ನೋಡಿದರು. ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. "ಕತ್ತಲಲ್ಲಿ, ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಕೈ ಒಡ್ಡಿದೀಯ. ಒಂದೂ ತಪ್ಪಿಸಿಲ್ಲ. ನಿಂಗೆ ತಾಳ ಇದೆ ಕಣಯ್ಯಾ."

"ನಂಗಾ ಅಮ್ಮಾ?"

"ಹೂಂ. ಇವನು ಬಡೀದೆ ನಾನು ಪಿಟೀಲು ಕೆಳಗಿಡಲ್ಲ. ಬರೋ ಭಾನುವಾರ ಮತ್ತೆ ನುಡಿಸ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಅದರಾಚೆ ಭಾನುವಾರ. ಮನಸ್ಸಿಗೆ ಒಪ್ಪೋವರೆಗೂ ಪ್ರತಿ ಭಾನುವಾರ. ನೀನು ಒಳಗೆ ನಿಂತ್ಕೋ. ನಾನು ಕಮಾನು ಎತ್ತಿದಾಗ ಕೈಯಾರೆ ಐದು ಬಡೀಬೇಕು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಪತ್ರಿಕೆಯವರು ಗಡಿಯಾರದೊಳಗಿನ ಮೆಲ್ಲಣ್ಣನ ಫೋಟೋ ತೆಗೆದರು. ಸದ್ದು ಮಾಡಿದರೆ ಕೆಲಸ ಹೋಗುತ್ತದೆ ಎಂದು ನಡುಗಿದ್ದವನು ಇನ್ನು ವಾರ ವಾರ ಊರೆಲ್ಲ ಕಿವಿಯಿಟ್ಟು ಕೇಳುವಾಗ ಕತ್ತಲಲ್ಲಿ ಒಬ್ಬನೇ ನಿಂತು ಸದ್ದು ಮಾಡಬೇಕಿತ್ತು. ಆದರೂ ಒಂದು ಸಮಾಧಾನವಿತ್ತು. ಮೇಡಂ ಮನೆ ಖಾಲಿ ಮಾಡುವ ಮಾತೆತ್ತಲಿಲ್ಲ. ಐದು ಬಡಿಯುವವನು ಮ್ಯೂಸಿಯಮ್ಮಿಗೆ ಹತ್ತಿರವೇ ಇರಬೇಕು, ಕ್ವಾರ್ಟರ್ಸ್ ಬಿಡುವ ಹಾಗಿಲ್ಲ ಎಂದು ಅಧ್ಯಕ್ಷರೇ ಎಲ್ಲರೆದುರು ಹೇಳಿದರು. ಅದನ್ನು ಕೇಳಿ ಮೆಲ್ಲಣ್ಣ ಉರಿಯುವ ಕೈಯಿಂದಲೇ ಕಣ್ಣೊರೆಸಿಕೊಂಡ.

ಜನ ಕರಗಿದ ಮೇಲೆ ಅತ್ತೆ ಬೂಟುಗಳನ್ನು ಹಿಡಿದುಕೊಂಡು ಬಂದರು. ಅವರ ಕಣ್ಣಲ್ಲೂ ನೀರಿತ್ತು.

"ಇಷ್ಟು ದಿನ ನಿಮ್ಮ ಬೆಲೆ ನಂಗೆ ಗೊತ್ತೇ ಆಗಿರ್ಲಿಲ್ಲ ಅಳಿಯಂದ್ರೇ. ಪೇಪರಿನವರು ನಿಮ್ಮ ಬಗ್ಗೆ ನನ್ನನ್ನೇ ಕೇಳಿದ್ರು. ಈ ಕೈ ಇಟ್ಕೊಂಡು ನೀವು ಊಟ ಹೇಗೆ ಮಾಡ್ತೀರಿ? ಪ್ರತಿ ಭಾನುವಾರ ಕಛೇರಿ ಬೇರೆ. ನನ್ ಮನೇನ ಅಕ್ಕನ ಮಗನಿಗೆ ಬಾಡಿಗೆಗೆ ಕೊಟ್ಟುಬಿಡ್ತೀನಿ ಅಂತ ಈಗ್ತಾನೇ ಫೋನ್ ಮಾಡಿ ಹೇಳ್ದೆ. ನಾಳೇನೇ ಸಾಮಾನು ತರಿಸ್ತೀನಿ."

"ಎಲ್ಲಿಗೆ ಅತ್ತೆ?" ಎಂದ ಮೆಲ್ಲಣ್ಣ, ತೀರ ಮೆಲ್ಲಗೆ.

"ಇನ್ನೆಲ್ಲಿಗೆ? ನಿಮ್ಮನೆಗೆ."

ಕ್ವಾರ್ಟರ್ಸು ಉಳಿಯಿತು. ಅತ್ತೆಯೂ ಉಳಿದರು.